ಶಿಸ್ತು, ಶರತ್ತು ಮತ್ತು ಮುಮ್ಮಡಿ ಕೃಷ್ಣರಾಜರು

ಮುಮ್ಮಡಿ ಕೃಷ್ಣರಾಜ ಒಡೆಯರು ಒಳ್ಳೆಯ ದೊರೆಯೇ ಎಂದು ಮೂವತ್ತೈದು ವರ್ಷಗಳ ಹಿಂದೆ ಯಾರಾದರೂ ನನ್ನನ್ನು ಕೇಳಿದ್ದರೆ ಉತ್ತರಕ್ಕಾಗಿ ನಾನು ತಡಕಾಡುತ್ತಿರಲಿಲ್ಲ. ಕನ್ನಡ ಮೇಷ್ಟರ ಪಾಲಿಗೆ ಅದೊಂದು ಪ್ರಶ್ನೆಯೇ ಅಲ್ಲ. ಕೆಂಪುನಾರಾಯಣನ ‘ಮುದ್ರಾಮಂಜೂಷ’ ೧೮೨೩ರಲ್ಲಿ ರೂಪುಗೊಂಡಿದ್ದು ಅವರ ಆಶ್ರಯದಲ್ಲಿ. ‘ಶ್ರೀತತ್ತ್ವನಿಧಿ’ ಇರುವುದು ಅವರ ಹೆಸರಿನಲ್ಲಿ. ಕವಿ ಅಳಿಯ ಲಿಂಗರಾಜ ಅವರಿಗೆ ಅಳಿಯನೇ ಆಗಿದ್ದವನು. ಹಳೆಯ ಕಾವ್ಯಮಾರ್ಗ ಮುಗಿಯುತ್ತ ಹೊಸ ಗದ್ಯ ಇನ್ನೂ ಕಣ್ಣು ಬಿಡದಿದ್ದ ಹೊತ್ತಿನಲ್ಲಿ ಕನ್ನಡದ ದೀಪಕ್ಕೆ ಎಣ್ಣೆ ಎರೆದ ದೊರೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ನನ್ನ ಗುರುಗಳು ನನಗೆ ಹಾಗೆ ಹೇಳಿದ್ದರು. ನಾನು ನನ್ನ ವಿದ್ಯಾರ್ಥಿಗಳಿಗೆ ಹಾಗೆಯೇ ಹೇಳಿದೆ.

ಬೆಂಗಳೂರಿನ ಉತ್ತರದ ಅಂಚಿನ ಒಂದು ಕಾಲೇಜಿನಲ್ಲಿ ನಾನು ಪಾಠ ಹೇಳುತ್ತಿದ್ದೆ. ಹೆಬ್ಬಾಳ, ಯಲಹಂಕ, ದೊಡ್ಡಬಳ್ಳಾಪುರದ ಕಡೆಯಿಂದ ಬರುವ ಮಕ್ಕಳೇ ಹೆಚ್ಚು. ಅವರ ನಡುವೆ ಸಾಗರದ ಕಡೆಯ ಹುಡುಗನೊಬ್ಬನಿದ್ದ. ಯಶವಂತಪುರದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದವನು. ‘ಮುದ್ರಾಮಂಜೂಷ’ದ ಪೀಠಿಕೆಯ ಪಾಠ ನಡೆದಿರುವಾಗ ಅವನು ಎದ್ದು ನಿಂತು, “ಸಾರ್, ಕವಿಗಳಿಗೆ ದೊರೆಗಳು ಕೊಟ್ಟ ದುಡ್ಡು ಎಲ್ಲಿಂದ ಬರುತ್ತಿತ್ತು? ಅವರ ಕಾಲದಲ್ಲೇ ನಮ್ಮ ಕಡೆ ಕಂದಾಯಕ್ಕಾಗಿ ದೊಡ್ಡ ದಂಗೆ ಆಯಿತಂತೆ” ಎಂದ. “ಇದು ಸಾಹಿತ್ಯದ ತರಗತಿಯಪ್ಪಾ, ರೆವಿನ್ಯೂ ಇಲಾಖೆಯಲ್ಲ” ಎಂದೆ. ತರಗತಿ ನಕ್ಕಿತು. ಹುಡುಗ ಕುಳಿತ. ಮಾತು ಮುಗಿಯಿತೆಂದುಕೊಂಡೆ, ಮುಗಿದಿರಲಿಲ್ಲ. ಅಂದಿನಿಂದ ಆ ದಂಗೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ಇಕ್ಕಟ್ಟಿನಲ್ಲಿ ಸಿಕ್ಕಿದ ಒಬ್ಬ ಆಳರಸನನ್ನು, ಅವನು ಎತ್ತಿದ ತೆರಿಗೆಯನ್ನು, ನಾವು ಯಾವ ಕಲ್ಲಿಟ್ಟು ತೂಗಬೇಕು? ಈ ಹೊತ್ತು ನಿಮ್ಮೆದುರು ಇಡಬೇಕೆಂದಿರುವ ವಿಚಾರ ಅದು.

ಮೊದಲು ಆ ದೊರೆ ಸಿಂಹಾಸನವೇರಿದ ಬಗೆಯನ್ನು ನೆನೆಯಬೇಕು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಜೂನ್ ೩೦ರಂದು ಕೃಷ್ಣರಾಜರಿಗೆ ಪಟ್ಟವಾಯಿತು. ಅವರು ಹುಟ್ಟಿದ್ದು ೧೭೯೪ರ ಜುಲೈಯಲ್ಲಿ. ಎಂದರೆ ಪಟ್ಟವಾದ ದಿನ ಐದು ವರ್ಷ ತುಂಬಲು ಇನ್ನೂ ಕೆಲವು ದಿನ ಉಳಿದಿದ್ದವು. ಅದೇ ಜುಲೈ ೮ರಂದು ಕಂಪನಿ ಸರ್ಕಾರ ಆ ಮಗುವಿನ ಹೆಸರಿನಲ್ಲಿ ಒಂದು ಒಪ್ಪಂದ ಮಾಡಿಕೊಂಡಿತು. ಮೈಸೂರಿನ ರಕ್ಷಣೆಗೆ ಕಂಪನಿಯ ಸೈನ್ಯ. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ ಏಳು ಲಕ್ಷ ವರಹ, ರೂಪಾಯಿಯ ಲೆಕ್ಕದಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ ಪೊಗದಿ. ಬಾಲಕನ ಪಾಲಿಗೆ ಬಿಟ್ಟುಕೊಟ್ಟ ಸೀಮೆಯಿಂದ ಬರಬಹುದೆಂದು ಆಗ ಅಂದಾಜು ಮಾಡಿದ ಉತ್ಪನ್ನದ ಅರ್ಧಕ್ಕೂ ಮಿಕ್ಕಿದ ಮೊತ್ತ ಅದು. ಮಳೆ ಬರಲಿ ಬಾರದಿರಲಿ ಪೊಗದಿ ಸಲ್ಲಬೇಕು. ಸಲ್ಲುವುದಿಲ್ಲವೆಂಬ ಅನುಮಾನ ಬಂದರೆ ಸೀಮೆಯ ಯಾವುದೇ ಭಾಗವನ್ನು, ಅಗತ್ಯವಿದ್ದಷ್ಟನ್ನು, ಕಂಪನಿ ತನ್ನ ಕೈಗೆ ತೆಗೆದುಕೊಳ್ಳಬಹುದು. ಈ ಕೊನೆಯ ಕಲಮನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹನ್ನೆರಡು ವರ್ಷ ದಿವಾನ್ ಪೂರ್ಣಯ್ಯ ಆಳಿದ. ಟಿಪ್ಪುವಿನ ಬಳಿ ಪಳಗಿದ ಕೈ. ಒಂದು ಕಾಸನ್ನೂ ಎಣಿಸದೆ ಬಿಡದ ಮನುಷ್ಯ. ಪೊಗದಿಯನ್ನೂ ಕಟ್ಟಿ ಬೊಕ್ಕಸವನ್ನೂ ತುಂಬಿಸಿದ. ಎರಡು ಕೋಟಿ ರೂಪಾಯಿಗೂ ಮಿಗಿಲಾಗಿ ಕೂಡಿಸಿಟ್ಟಿದ್ದನೆಂದು ಬೆಂಜಮಿನ್ ರೈಸ್ ಬರೆದಿದ್ದಾನೆ. ಅಷ್ಟು ಹಣ ಕೂಡುವಾಗ ರೈತನ ಮನೆಯಲ್ಲಿ ಎಷ್ಟು ಉಳಿಯಿತೆಂಬುದನ್ನು ಹೊಗಳುವವರು ಸಾಮಾನ್ಯವಾಗಿ ಕೇಳುವುದಿಲ್ಲ. ಇರಲಿ. ೧೮೦೭ರಲ್ಲಿ ಇನ್ನೊಂದು ಕರಾರಾಗಿ, ಕಂಪನಿ ಕರೆದಾಗ ಒದಗಲು ನಾಲ್ಕು ಸಾವಿರ ಸಿಲ್ಲೇದಾರ ಕುದುರೆಗಳನ್ನು ಸಾಕುವ ಹೊರೆಯೂ ಸಂಸ್ಥಾನದ ಮೇಲೆ ಬಿತ್ತು. ೧೮೧೧ರ ಸುಮಾರಿಗೆ, ಹದಿನಾರು ಹದಿನೇಳರ ಪ್ರಾಯದಲ್ಲಿ, ಕೃಷ್ಣರಾಜರು ಅಧಿಕಾರವನ್ನು ತಾವೇ ವಹಿಸಿಕೊಂಡರು. ಮರುವರ್ಷವೇ ಪೂರ್ಣಯ್ಯ ತೀರಿಕೊಂಡ. ಲೆಕ್ಕ ಬಲ್ಲವನು ಹೋದ. ಲೆಕ್ಕ ಮಾತ್ರ ಉಳಿಯಿತು.

ಯುವಕ ದೊರೆ ಉದಾರಿ. ವಿದ್ವಾಂಸರು, ಗಾಯಕರು, ಮಠಗಳು, ದೇವಸ್ಥಾನಗಳು, ಆಶ್ರಿತರು, ಹೊಗಳುಭಟರು, ಇವರೆಲ್ಲರಿಗೂ ಕೈಯೆತ್ತಿ ಕೊಟ್ಟರು. ಪೂರ್ಣಯ್ಯ ಕೂಡಿಟ್ಟದ್ದು ಕೆಲವೇ ವರ್ಷಗಳಲ್ಲಿ ಕರಗಿತು. ಕುದುರೆ ಸವಾರರ ಸಂಬಳ ಬಾಕಿ ಬಿತ್ತು. ೧೮೨೫ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಮೈಸೂರಿಗೆ ಬಂದು, ಹಣಕಾಸು ಹೀಗೆಯೇ ಹದಗೆಟ್ಟರೆ ಕಂಪನಿ ಕೈಹಾಕದೆ ವಿಧಿಯಿಲ್ಲವೆಂದು ಮುಖಕ್ಕೆ ಹೇಳಿ ಹೋದ. ಮನ್ರೋ ರೈತವಾರಿ ಪದ್ಧತಿಯನ್ನು ಬೆಳೆಸಿದವನು. ನೆಲವನ್ನೂ ಒಕ್ಕಲನ್ನೂ ಬಲ್ಲವನು. ಅವನ ಎಚ್ಚರಿಕೆಯನ್ನು ಬರಿಯ ಪರಂಗಿಯ ದರ್ಪವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಇನ್ನು ಶರತ್ತಿನ ವಿಚಾರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಈ ದೊರೆಯ ಗುಣದೋಷವೆಲ್ಲ ಇದೊಂದು ಮಾತಿನಲ್ಲಿ ಅಡಗಿದೆ.

ಶರತ್ತೆಂದರೆ ಷರತ್ತು, ಕರಾರು. ತಾಲ್ಲೂಕಿನ ಅಮಲ್ದಾರ, “ಈ ವರ್ಷ ನನ್ನ ತಾಲ್ಲೂಕಿನಿಂದ ಇಷ್ಟು ಹಣ ವಸೂಲು ಮಾಡಿ ಒಪ್ಪಿಸುತ್ತೇನೆ, ಕಡಿಮೆಯಾದರೆ ಕೈಯಿಂದ ತುಂಬುತ್ತೇನೆ, ಹೆಚ್ಚು ಬಂದರೆ ಅದನ್ನೂ ಕಟ್ಟುತ್ತೇನೆ” ಎಂದು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡುತ್ತಿದ್ದ. ಹಾಗೆ ಒಪ್ಪಿಕೊಂಡ ಮೊತ್ತ ಹಿಂದಿನ ವರ್ಷದ ವಸೂಲಿಗಿಂತ ಸಾಮಾನ್ಯವಾಗಿ ಹೆಚ್ಚೇ. ಒಂದು ಕಲ್ಪಿತ ಲೆಕ್ಕ ಹಾಕಿ ನೋಡೋಣ. ಹೋದ ವರ್ಷ ತಾಲ್ಲೂಕಿನಿಂದ ಹತ್ತು ಸಾವಿರ ವರಹ ಬಂದಿತ್ತೆನ್ನಿ. ಈಗಿನ ಅಮಲ್ದಾರ ಹತ್ತೂವರೆಗೆ ಒಪ್ಪುತ್ತಾನೆ. ಅರಮನೆಯ ಸುತ್ತ ಓಡಾಡುವ ಇನ್ನೊಬ್ಬ ಹನ್ನೊಂದಕ್ಕೆ ಒಪ್ಪುತ್ತಾನೆ. ಅಮಲ್ದಾರಿ ಅವನಿಗೆ. ಅವನಿಗೆ ಆ ಸೀಮೆಯ ಕೆರೆ ಗೊತ್ತಿಲ್ಲ, ಹೊಲ ಗೊತ್ತಿಲ್ಲ. ಗೊತ್ತಿರುವುದು ಹನ್ನೊಂದು ಸಾವಿರ ಎಂಬ ಅಂಕಿ ಒಂದೇ. ಮರುವರ್ಷ ಹನ್ನೆರಡು ಎನ್ನುವವನೊಬ್ಬ ಹುಟ್ಟುತ್ತಾನೆಂಬುದೂ ಅವನಿಗೆ ಗೊತ್ತು. ಆದ್ದರಿಂದ ಈ ಒಂದು ವರ್ಷದೊಳಗೆ ಸರ್ಕಾರದ ಹನ್ನೊಂದನ್ನೂ ತನ್ನ ಪಾಲಿನದನ್ನೂ ಹಿಂಡಿಕೊಳ್ಳಬೇಕು. ಕೆರೆಯ ಹೂಳು ತೆಗೆಸುವುದು, ಬರ ಬಿದ್ದ ಊರಿಗೆ ವಜಾ ಕೊಡುವುದು ಅವನಿಗೆ ನಷ್ಟದ ಬಾಬು.

ಆ ಮುಚ್ಚಳಿಕೆಯಲ್ಲಿ ಇನ್ನೂ ಕೆಲವು ಸಾಲುಗಳಿರುತ್ತಿದ್ದವು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ, ಬೆಳೆಯಲ್ಲಿ ಸರ್ಕಾರಕ್ಕೆ ಬರುವ ಪಾಲಿನ ಧಾನ್ಯವನ್ನು ರೈತರೇ ಕೊಳ್ಳಬೇಕೆಂದು ಬಲವಂತ ಮಾಡುವುದಿಲ್ಲ. ಈ ಮೂರು ಮಾತು ಓದಿದಾಗ ನನಗೆ ಮೈ ಜುಮ್ಮೆಂದಿತು. ಯಾವ ಯಾವ ಅನ್ಯಾಯ ನಡೆಯುತ್ತದೆಂಬುದು ಮೈಸೂರಿನ ಕಚೇರಿಗೆ ಚೆನ್ನಾಗಿ ತಿಳಿದಿತ್ತು. ತಿಳಿಯದೆ ಇದ್ದರೆ ಇಷ್ಟು ಕರಾರುವಾಕ್ಕಾಗಿ ಬರೆಸಿಕೊಳ್ಳುವುದು ಹೇಗೆ? ಬರೆಸಿಕೊಂಡರು, ಪೆಟ್ಟಿಗೆಯಲ್ಲಿಟ್ಟರು. ಕರಾರು ಮುರಿದನೆಂದು ರೈತ ಬಂದು ದೂರಿದರೆ ಕೇಳುವವರಿರಲಿಲ್ಲವೆಂದು ತರುವಾಯ ನಡೆದ ವಿಚಾರಣೆಯ ವರದಿ ಹೇಳುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಮುಮ್ಮಡಿಯವರ ಪರವಾಗಿ ಹೇಳುವವರಿದ್ದಾರೆ. ದೊರೆ ಸಜ್ಜನ, ಅಧಿಕಾರಿಗಳು ದುಷ್ಟರು ಎಂಬ ವಾದ ಅದು. ನಾನೂ ಬಹುಕಾಲ ಅದಕ್ಕೇ ಜೋತುಬಿದ್ದಿದ್ದೆ. ಆದರೆ ಇಲ್ಲಿ ಪೂಜಾರಿಕೆಯನ್ನು ವರ್ಷ ವರ್ಷವೂ ಹೆಚ್ಚು ಕೂಗಿದವನಿಗೆ ಕೊಡುತ್ತಿದ್ದದ್ದು ದೇವರೇ ಅಲ್ಲವೆ?

ಇದು ಮೈಸೂರೊಂದರ ಪಾಪವಲ್ಲ. ಫ್ರಾನ್ಸಿನಲ್ಲಿ ಕ್ರಾಂತಿಗೆ ಮುಂಚೆ ತೆರಿಗೆಯ ವಸೂಲಿಯನ್ನು ಗುತ್ತಿಗೆ ಹಿಡಿಯುವ ಧನಿಕರ ಕೂಟವೇ ಇತ್ತು. ರಸಾಯನಶಾಸ್ತ್ರದ ಮಹಾಪುರುಷ ಲವಾಜಿಯೆ ಅದರಲ್ಲಿ ಪಾಲುದಾರ; ಆ ಕಾರಣಕ್ಕೇ ೧೭೯೪ರ ಮೇ ತಿಂಗಳಲ್ಲಿ ಗಿಲೊಟೀನಿಗೆ ತಲೆ ಕೊಟ್ಟ. ಎರಡು ತಿಂಗಳ ಮೇಲೆ ನಮ್ಮ ಕೃಷ್ಣರಾಜರು ಹುಟ್ಟಿದರು. ಈ ಕಾಕತಾಳೀಯಕ್ಕೆ ಅರ್ಥ ಹಚ್ಚಲು ನಾನು ಹೊರಟಿಲ್ಲ. ದೊರೆಗೆ ತುರ್ತಾಗಿ ಹಣ ಬೇಕಾದಾಗ, ಎಣಿಸಿ ಕೊಡುವವನ ಕೈಗೆ ಪ್ರಜೆಯನ್ನು ಒಪ್ಪಿಸುವುದು ಎಲ್ಲ ದೇಶಗಳ ಹಳೆಯ ಹಾದಿ ಎಂಬುದಷ್ಟೇ ನನ್ನ ಮಾತು.

ಮೈಸೂರು ಸೀಮೆಯ ಎಲ್ಲ ಕಡೆಯೂ ಶರತ್ತು ಸುಟ್ಟಿತು. ನಗರದ ಫೌಜುದಾರಿಯಲ್ಲಿ ಮಾತ್ರ ಬೆಂಕಿ ಹೊತ್ತಿಕೊಂಡಿತು. ನಗರವೆಂದರೆ ಹಳೆಯ ಬಿದನೂರು, ಕೆಳದಿ ಅರಸರ ಸೀಮೆ. ಅಲ್ಲಿನವರಿಗೆ ಇನ್ನೊಂದು ಮಾತು ನೆನಪಿತ್ತು: ಶಿಸ್ತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಆಳಿದ ಶಿವಪ್ಪನಾಯಕ ನೆಲವನ್ನು ಫಲವತ್ತತೆಗೆ ತಕ್ಕಂತೆ ವಿಂಗಡಿಸಿ, ಊರೂರಿನಲ್ಲಿ ಒಂದೊಂದು ಬಗೆಯ ಹೊಲವನ್ನು ಆರಿಸಿ, ಹನ್ನೆರಡು ವರ್ಷ ಸರ್ಕಾರದ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು ಎಂದು ಲೆಕ್ಕವಿಡಿಸಿದನಂತೆ. ಅದರ ಸರಾಸರಿ ತೆಗೆದು ಉತ್ಪನ್ನದ ಮೂರನೆಯ ಒಂದು ಭಾಗವನ್ನು ಕಂದಾಯವೆಂದು ಗೊತ್ತುಪಡಿಸಿದ. ಇದೇ ಶಿವಪ್ಪನಾಯಕನ ಶಿಸ್ತು. ಮೂರರಲ್ಲೊಂದು ಪಾಲು ಹಗುರವಲ್ಲ. ಆದರೆ ರೈತನಿಗೆ ತಾನು ಕೊಡಬೇಕಾದದ್ದು ಎಷ್ಟೆಂದು ಬಿತ್ತುವ ಮೊದಲೇ ಗೊತ್ತು. ಕೇಳುವವನಿಗೂ ಗೊತ್ತು, ಕೊಡುವವನಿಗೂ ಗೊತ್ತು. ಶಿಸ್ತಿನಲ್ಲಿ ದೊರೆ ಮೊದಲು ಹೊಲಕ್ಕೆ ಹೋಗಿ ಆಮೇಲೆ ಅಂಕಿ ಬರೆದ. ಶರತ್ತಿನಲ್ಲಿ ಮೊದಲು ಅಂಕಿ ಬರೆದು ಆಮೇಲೆ ಹೊಲಕ್ಕೆ ಜವಾನರನ್ನು ಕಳಿಸಿದರು. ಶಿಸ್ತಿನ ಸೀಮೆಗೆ ಶರತ್ತು ಬಂದಾಗ ಜನ ಎರಡನ್ನೂ ಹೋಲಿಸಿ ನೋಡಿದರು. ಹೋಲಿಸಿ ನೋಡಬಲ್ಲ ಜನ ಅಪಾಯಕಾರಿ.

ಫೌಜುದಾರ ರಾಮರಾಯನೂ ಅವನ ನಂಟರಿಷ್ಟರೂ ಆ ಸೀಮೆಯ ಹುದ್ದೆಗಳನ್ನು ಹಿಡಿದುಕೊಂಡು ಕುಳಿತದ್ದು ಜನರ ಸಿಟ್ಟನ್ನು ಹೆಚ್ಚಿಸಿತು. ೧೮೩೦ರಲ್ಲಿ ರೈತರು ಆನಂದಪುರದ ಕಡೆ ಗುಂಪುಗೂಡಿದರು. ತಮ್ಮ ಸಭೆಯನ್ನು ಅವರು ಕರೆದದ್ದು ‘ಕೂಟ’ ಎಂದು. ಆ ಮಾತಿನ ಅಂದ ನೋಡಿ! ದಂಗೆಯೆಂದು ಸರ್ಕಾರ ಬರೆದುಕೊಂಡಿತು. ಅವರಿಗೆ ಅದು ಕೂಟ. ಅಹವಾಲು ಕೇಳುವ ತನಕ ಕಂದಾಯ ಕಟ್ಟುವುದಿಲ್ಲವೆಂಬುದು ಅವರ ಹಟ. ಊರಿಂದೂರಿಗೆ ಸುದ್ದಿ ಹೋಯಿತು. ಕೆಳದಿ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಬಂದು ಸೇರಿದ. ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪನಾಯಕ ಸೇರಿದ. ಹೊಲದ ಜಗಳ ಸಿಂಹಾಸನದ ಜಗಳವಾಯಿತು. ಸಂಸ್ಥಾನದ ಸೈನ್ಯ ಹೋಯಿತು, ರಕ್ತ ಹರಿಯಿತು, ನೇಣುಗಳಾದವು. ಕೊನೆಗೆ ಕಂಪನಿಯ ಪಡೆಯೇ ಬಂದು ೧೮೩೧ರಲ್ಲಿ ಬಂಡಾಯವನ್ನು ಅಡಗಿಸಿತು. ದೊರೆ ರಿಯಾಯಿತಿಯ ಮಾತು ಆಡಿದರು, ಆದರೆ ತಡವಾಗಿ. ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

೧೮೩೧ರ ಸೆಪ್ಟೆಂಬರ್ ೭ರಂದು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಪತ್ರ ಬರೆದ. ಅಕ್ಟೋಬರಿನಲ್ಲಿ ಕೃಷ್ಣರಾಜರು ಸದ್ದಿಲ್ಲದೆ ಅಧಿಕಾರವನ್ನು ಒಪ್ಪಿಸಿಕೊಟ್ಟರು. ಅವರಿಗೆ ವರ್ಷಕ್ಕೆ ಒಂದು ಲಕ್ಷ ವರಹ, ಅದರ ಮೇಲೆ ನಿವ್ವಳ ಉತ್ಪನ್ನದ ಐದನೆಯ ಒಂದು ಭಾಗ ಎಂದು ನಿಗದಿಯಾಯಿತು. ಆಗ ಅವರಿಗೆ ಮೂವತ್ತೇಳು ವರ್ಷ. ಆಮೇಲೆ ಬದುಕಿದ್ದು ಇನ್ನೂ ಮೂವತ್ತಾರೂವರೆ ವರ್ಷ.

ಈಗ ತೀರ್ಪಿನ ಮಾತು. ತೀರ್ಪು ಕೊಟ್ಟವರು ಯಾರೆಂದು ಮೊದಲು ನೋಡಬೇಡವೆ? ಸಾಲಗಾರನ ಮನೆ ಏಕೆ ಹಾಳಾಯಿತೆಂದು ವಿಚಾರಿಸಲು ಬಡ್ಡಿ ತಿಂದವನೇ ಪೀಠದ ಮೇಲೆ ಕುಳಿತಂತಾಯಿತು ಅದು. ಹಾಕರ್, ಮಾರಿಸನ್, ಮಕ್ಲಾಯ್ಡ್, ಕಬ್ಬನ್ ಎಂಬ ನಾಲ್ವರ ಸಮಿತಿ ೧೮೩೩ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಶರತ್ತಿನ ಕ್ರೌರ್ಯವನ್ನು ನಾವು ಇಷ್ಟು ವಿವರವಾಗಿ ತಿಳಿದದ್ದೂ ಆ ವರದಿಯಿಂದಲೇ; ಅದರ ಋಣ ಒಪ್ಪಬೇಕು. ದೊರೆಯ ದುಂದು, ಅಧಿಕಾರಿಗಳ ಸುಲಿಗೆ ಎಲ್ಲವನ್ನೂ ಅದು ಬರೆಯಿತು. ಆದರೆ ವರ್ಷ ವರ್ಷವೂ ಬೊಕ್ಕಸದ ತಳ ಕೆರೆಯುತ್ತಿದ್ದ ಇಪ್ಪತ್ತನಾಲ್ಕೂವರೆ ಲಕ್ಷದ ಪೊಗದಿ ಕಟಕಟೆಗೆ ಬಂದು ನಿಲ್ಲಲಿಲ್ಲ. ಸಂಸ್ಥಾನದ ಪರವಾಗಿ ವಾದಿಸಿದವರು, ಇವಾನ್ಸ್ ಬೆಲ್‌ನಂಥ ಇಂಗ್ಲಿಷರೂ ಅವರಲ್ಲಿದ್ದರು, ಒಪ್ಪಂದದ ಆ ಕಲಮನ್ನೇ ಎತ್ತಿ ಹಿಡಿದರು. ಅಗತ್ಯವಿದ್ದಷ್ಟು ಭಾಗವನ್ನು ತೆಗೆದುಕೊಳ್ಳಬಹುದೆಂದಿತ್ತೇ ಹೊರತು ಇಡೀ ಸಂಸ್ಥಾನವನ್ನು ನುಂಗಬಹುದೆಂದಿರಲಿಲ್ಲ. ಬೆಂಟಿಂಕನಿಗೇ ಆಮೇಲೆ ತಾನು ಮಾಡಿದ್ದು ನ್ಯಾಯವೇ ಎಂಬ ಅನುಮಾನ ಹುಟ್ಟಿತು. ಬಹುಭಾಗವನ್ನು ಹಿಂದಿರುಗಿಸೋಣವೆಂದು ಸೂಚಿಸಿದ. ಲಂಡನ್ನಿನವರು ಒಪ್ಪಲಿಲ್ಲ. ೧೮೩೪ರಲ್ಲಿ, ತೀರ್ಪುಗಾರರ ಪೈಕಿ ಒಬ್ಬನಾದ ಮಾರ್ಕ್ ಕಬ್ಬನ್ನನೇ ಕಮಿಷನರಾದ. ೧೮೬೧ರವರೆಗೆ ಆಳಿದ.

ಕಬ್ಬನ್ನನನ್ನು ನಾವು ಬೆಂಗಳೂರಿನವರು ಉದ್ಯಾನದ ಹೆಸರಿನಿಂದ ಬಲ್ಲೆವು. ಇಂದಿನ ರಾಜಭವನ ಅವನು ವಾಸಕ್ಕೆಂದು ಕಟ್ಟಿಸಿದ ಮನೆ. ಅಠಾರಾ ಕಚೇರಿಯ ಮುಂದೆ ಕುದುರೆಯೇರಿ ನಿಂತಿದ್ದ ಅವನ ಪ್ರತಿಮೆಯನ್ನು ೨೦೨೦ರಲ್ಲಿ ಅವನ ಹೆಸರಿನ ಆ ಉದ್ಯಾನದೊಳಕ್ಕೇ ಸಾಗಿಸಿದರು; ಮುದುಕ ತನ್ನ ತೋಟಕ್ಕೆ ತಾನು ಹೋದಂತಾಯಿತು. ಬೇಸಿಗೆಯಲ್ಲಿ ಅವನು ನಮ್ಮ ಉತ್ತರ ದಿಕ್ಕಿಗೆ ಬಂದು ನಂದಿಬೆಟ್ಟದ ಮೇಲಿನ ಮನೆಯಲ್ಲಿ ಇರುತ್ತಿದ್ದ. ಮುಂದೆ ೧೯೩೬ರಲ್ಲಿ ಗಾಂಧೀಜಿ ತಂಗಿದ್ದು ಅದೇ ಮನೆಯಲ್ಲಿ. ಸ್ವಭಾವದಲ್ಲಿ ಕಬ್ಬನ್ ಏಕಾಂಗಿ, ಕೆಲಸದಲ್ಲಿ ಹಟಮಾರಿ. ಅವನ ಆಡಳಿತದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ ೭೬೯ ಎಂದು ದಾಖಲೆಯಿದೆ.

ಏಳುನೂರ ಅರವತ್ತೊಂಬತ್ತು! ಅದರ ಪಟ್ಟಿಯನ್ನು ಓದಿದವರು ನಗಬೇಕೋ ಅಳಬೇಕೋ ತಿಳಿಯದೆ ಹೋಗುತ್ತಾರೆ. ಮದುವೆಯಾದರೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ಇನ್ನೊಂದು, ಚೌಲಕ್ಕೆ ಮತ್ತೊಂದು. ಒಂದು ಊರಿನವರು ಯಾವುದೋ ಕಾಲದಲ್ಲಿ ಪಾಳೆಯಗಾರನ ಕಳೆದುಹೋದ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲವೆಂದು ತಲೆಮಾರುಗಳಿಂದ ದಂಡ ತೆರುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದುಹೋದರೂ ತೆರಿಗೆ. ಇವೆಲ್ಲವೂ ಸರ್ಕಾರದ ಕಡತದಲ್ಲಿ ಸಂಸ್ಥಾನದ ಆದಾಯವೆಂದು ನಮೂದಾಗಿದ್ದವು. ಇವನ್ನೆಲ್ಲ ಮುಮ್ಮಡಿಯವರು ಕೂತು ಹುಟ್ಟುಹಾಕಿದರೆಂದು ಯಾರೂ ತಿಳಿಯಬಾರದು. ಪಾಳೆಯಗಾರರ ಕಾಲದಿಂದ ಒಂದರ ಮೇಲೊಂದು ಕೂಡಿಕೊಂಡ ಕಸ ಅದು. ಅದನ್ನು ಗುಡಿಸಬೇಕೆಂದು ಇಪ್ಪತ್ತು ವರ್ಷ ಅವರಿಗೆ ಅನ್ನಿಸಲಿಲ್ಲ ಎಂಬಷ್ಟೇ ಅವರ ಮೇಲಿನ ದೂರು, ದೂರು ಸಣ್ಣದಲ್ಲ.

ದಾರಿಯ ಸುಂಕದ ಸಂಗತಿಯನ್ನು ನನ್ನ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆಯಿದೆ. ಬಸ್ಸಿನ ಹಲಗೆಯಲ್ಲಿ ಆ ಹೆಸರು ಓದುವವರು ಎತ್ತಿನ ಗಾಡಿಗಳ ಸಾಲನ್ನು ಕಲ್ಪಿಸಿಕೊಳ್ಳುವುದಿಲ್ಲ. ನನ್ನ ಬಾಲ್ಯದಲ್ಲಿ ಅದಕ್ಕೆ ಆಕ್ಟ್ರಾಯ್ ಎಂಬ ಹೆಸರಿತ್ತು. ಊರ ಅಂಚಿನ ಗೇಟಿನಲ್ಲಿ ನಮ್ಮ ತಂದೆ ಹಳ್ಳಿಯಿಂದ ತಂದ ಬೆಲ್ಲದ ಮೂಟೆಯನ್ನು ಇಳಿಸಿ, “ಮಾರುವುದಕ್ಕಲ್ಲ ಸ್ವಾಮಿ, ಹಬ್ಬಕ್ಕೆ” ಎಂದು ವಿನಯದಿಂದ ಹೇಳುತ್ತಿದ್ದ ಚಿತ್ರ ಕಣ್ಣಿನಲ್ಲಿದೆ. ಕರ್ನಾಟಕದಲ್ಲಿ ಅದು ೧೯೭೯ರಲ್ಲಿ ರದ್ದಾಯಿತು. ಮನೆಯಲ್ಲಿ ಯಾರಿಗೂ ತಲೆಬಾಗದ ಆ ಮನುಷ್ಯ ಅಲ್ಲಿ ತಲೆಬಾಗುತ್ತಿದ್ದದ್ದು ಕೊಡಬೇಕಾದ ಕಾಸಿಗಾಗಿ ಅಲ್ಲ. ಎಷ್ಟು ಕೊಡಬೇಕೆಂಬುದು ಎದುರಿನವನ ಮರ್ಜಿಯಲ್ಲಿದ್ದುದರಿಂದ.

ಆದ್ದರಿಂದಲೇ ತೆರಿಗೆ ಹೆಚ್ಚೋ ಕಡಿಮೆಯೋ ಎಂಬುದೊಂದೇ ಕಲ್ಲಿನಿಂದ ಆಳುವವರನ್ನು ತೂಗುವುದು ನನಗೆ ಸರಿಕಾಣುವುದಿಲ್ಲ. ಶಿವಪ್ಪನಾಯಕ ಕಡಿಮೆ ತೆಗೆದುಕೊಂಡವನಲ್ಲ, ಪೂರ್ಣಯ್ಯನೂ ಅಲ್ಲ. ಲೆಕ್ಕ ತಪ್ಪಿದ ವರ್ಷ ಆ ಕೊರತೆ ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ನಾನು ಕೇಳುತ್ತೇನೆ. ಪೊಗದಿಯ ಹೊರೆ ಕೃಷ್ಣರಾಜರು ತಂದುಕೊಂಡದ್ದಲ್ಲ. ಐದು ತುಂಬದ ಮಗುವಿನ ಕೈಹಿಡಿದು ಬರೆಸಿಕೊಂಡದ್ದು. ಆ ಬಗೆಗೆ ಅವರನ್ನು ದೂರುವವನು ಕಂಪನಿಯ ವಕೀಲ. ಆದರೆ ಕೊರತೆ ಬಿದ್ದಾಗ ಅದನ್ನು ಅರಮನೆಯ ದಾನದಿಂದ ಕಳೆಯಬೇಕೆ, ಆನಂದಪುರದ ಗದ್ದೆಯಿಂದ ತೆಗೆಯಬೇಕೆ ಎಂಬ ಆಯ್ಕೆ ಅವರದೇ ಆಗಿತ್ತು. ಅವರು ದಾನವನ್ನು ಆರಿಸಿದರು. ಗದ್ದೆಯ ಕಡೆ ನೋಡಬೇಕಾಗಿ ಬಾರದಂತೆ ಶರತ್ತಿನ ತೆರೆ ಎಳೆದುಕೊಂಡರು. ಕ್ರೂರಿಯೆಂದು ಅವರನ್ನು ಕರೆಯಲಾರೆ. ನೋಡದೆ ಇರಲು ಬೆಲೆ ಕೊಟ್ಟವರೆನ್ನುತ್ತೇನೆ, ಆ ಬೆಲೆಯನ್ನು ತೆತ್ತವರು ಬೇರೆಯವರು.

ಪಾಲಿನ ಜಗಳ ಇನ್ನೂ ತೀರಿಲ್ಲವೆಂಬುದಕ್ಕೆ ದೂರ ಹೋಗಬೇಕಿಲ್ಲ. ಹದಿನೈದನೆಯ ಹಣಕಾಸು ಆಯೋಗ ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇಕಡಾ ೪.೭೧೩ರಿಂದ ೩.೬೪೭ಕ್ಕೆ ಇಳಿಸಿದಾಗ, ೨೦೨೪ರ ಫೆಬ್ರವರಿ ೭ರಂದು ಮುಖ್ಯಮಂತ್ರಿಯೂ ಮಂತ್ರಿಗಳೂ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಒಕ್ಕೂಟದ ಲೆಕ್ಕವನ್ನು ಕಂಪನಿಯ ಪೊಗದಿಗೆ ಹೋಲಿಸುವುದು ಅವಿವೇಕ. ಇಂದು ನಮಗೆ ಮತವಿದೆ, ಕೇಳುವ ಸಭೆಗಳಿವೆ. ಆದರೂ ಅಂದಿನ ವರದಿಗಳನ್ನು ನೋಡುವಾಗ ನನಗೆ ಅಭ್ಯಾಸವಾಗಿಬಿಟ್ಟ ಎರಡು ಪ್ರಶ್ನೆಗಳು ಮೇಲೆದ್ದವು: ಮೇಲಿನವರು ಕಿತ್ತುಕೊಂಡದ್ದೆಷ್ಟು? ಉಳಿದದ್ದನ್ನು ಇಲ್ಲಿಯವರು ಯಾರಿಗೆ ಹಂಚಿ, ಯಾರಿಂದ ಎತ್ತಿದರು? ಒಂದನ್ನು ಕೇಳಿ ಇನ್ನೊಂದನ್ನು ಬಿಡುವವರ ಸಂಖ್ಯೆ ಎರಡು ಕಡೆಯೂ ದೊಡ್ಡದು.

ಮತ್ತೆ ಸಾಹಿತ್ಯಕ್ಕೆ ಬರುತ್ತೇನೆ. ನನ್ನ ಜಾಗ ಅದೇ. ‘ಮುದ್ರಾಮಂಜೂಷ’ದ ವಸ್ತು ಚಾಣಕ್ಯ ಮತ್ತು ರಾಕ್ಷಸರೆಂಬ ಇಬ್ಬರು ಮಂತ್ರಿಗಳ ಪೈಪೋಟಿ. ರಾಜ್ಯವನ್ನು ಕಾಯುವವನು ಒಂದು ಕ್ಷಣವೂ ಕಣ್ಣು ಮುಚ್ಚಬಾರದೆಂಬುದು ಆ ಕಥೆಯ ಜೀವಾಳ. ಅದು ಮೈಸೂರಿನಲ್ಲಿ ಬರೆಯಲ್ಪಟ್ಟದ್ದು ೧೮೨೩ರಲ್ಲಿ: ಮನ್ರೋ ಬರುವುದಕ್ಕೆ ಎರಡು ವರ್ಷ ಮೊದಲು, ಕೂಟ ಸೇರುವುದಕ್ಕೆ ಏಳು ವರ್ಷ ಮೊದಲು. ಇಷ್ಟು ವರ್ಷ ಆ ಪುಸ್ತಕವನ್ನು ಪಾಠ ಹೇಳಿದ ನಾನು ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಗ್ರಂಥದ ಬೆಲೆ ಇದರಿಂದ ಕುಗ್ಗುವುದಿಲ್ಲ. ಅದರ ಅರ್ಪಣೆಯ ಪುಟದಲ್ಲಿ ಇನ್ನೂ ಕೆಲವರ ಹೆಸರು ಇರಬೇಕಿತ್ತು, ಅಷ್ಟೆ.

ದೊರೆಯ ಪರವಾಗಿ ಹೇಳಬೇಕಾದ ಮುಖ್ಯ ಸಂಗತಿ ಒಂದಿದೆ. ನಾವು ಅವರ ಹೆಸರಿನಲ್ಲಿ ಹೊಗಳುವ ಕೆಲಸದ ಬಹುಭಾಗ ನಡೆದದ್ದು ಅಧಿಕಾರ ಹೋದ ಮೇಲೆ. ೧೮೩೩ರಲ್ಲಿ, ತಮ್ಮ ಮೇಲೆ ಸಮಿತಿ ವಿಚಾರಣೆ ನಡೆಸುತ್ತಿದ್ದ ವರ್ಷವೇ, ಮೈಸೂರಿನಲ್ಲಿ ಅವರು ಉಚಿತ ಇಂಗ್ಲಿಷ್ ಶಾಲೆ ತೆರೆದರು. ಮಹಾರಾಜಾ ಕಾಲೇಜು ಬೆಳೆದದ್ದು ಆ ಬೀಜದಿಂದ. ಪಂಡಿತರನ್ನು ಸಾಕಿದ್ದು, ಗ್ರಂಥಗಳನ್ನು ಬರೆಸಿದ್ದು ತಮಗೆಂದು ಗೊತ್ತುಪಡಿಸಿದ ಹಣದಲ್ಲಿ. ನಿಗದಿಯಾದ ಮೊತ್ತದೊಳಗೆ ಬದುಕಬೇಕಾಗಿ ಬಂದಾಗ ಅವರ ಔದಾರ್ಯ ಯಾರ ಹೊಲವನ್ನೂ ಸುಡಲಿಲ್ಲ. ರಾಜ್ಯವನ್ನು ಹಿಂದಕ್ಕೆ ಪಡೆಯಲು 𝗅ಬರೆದ ಪತ್ರಗಳಿಗೆ ಲೆಕ್ಕವಿಲ್ಲ. ೧೮೬೫ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ೧೮೬೭ರಲ್ಲಿ ಆ ದತ್ತಕಕ್ಕೆ ರಾಜ್ಯ ಸಲ್ಲುವುದೆಂದು ಇಂಗ್ಲಿಷ್ ಸರ್ಕಾರ ಒಪ್ಪಿತು. ೧೮೬೮ರ ಮಾರ್ಚ್ ೨೭ರಂದು ತೀರಿಕೊಂಡರು. ರಾಜ್ಯ ಮನೆತನಕ್ಕೆ ಮರಳಿದ್ದು ೧೮೮೧ರ ಮಾರ್ಚ್ ೨೫ರಂದು. ಜೊತೆಗೆ ಪೊಗದಿಯನ್ನು ಮೂವತ್ತೈದು ಲಕ್ಷಕ್ಕೆ ಏರಿಸುವ ಕರಾರೂ ಬಂತು. ಆ ಏರಿಕೆ ಇಳಿದು ಪುನಃ ಇಪ್ಪತ್ತನಾಲ್ಕೂವರೆ ಲಕ್ಷಕ್ಕೆ ನಿಂತದ್ದು ೧೯೨೮ರಲ್ಲಿ.

ಆ ಸಾಗರದ ಹುಡುಗ ಕೆಲವು ವರ್ಷಗಳ ಹಿಂದೆ ಆರ್.ಟಿ. ನಗರದ ನನ್ನ ಮನೆಗೆ ಬಂದಿದ್ದ. ತಲೆ ನರೆತಿದೆ. ಮಗಳ ಮದುವೆಯ ಕರೆಯೋಲೆ ಕೊಡಲು ಬಂದದ್ದು. ಕಾಫಿ ಮುಗಿದ ಮೇಲೆ ಹಳೆಯ ಪ್ರಶ್ನೆಯನ್ನು ನಾನೇ ಎತ್ತಿದೆ. ಅವನಿಗೆ ತಟ್ಟನೆ ನೆನಪಾಗಲಿಲ್ಲ, ನೆನಪಾದಾಗ ಸಂಕೋಚಪಟ್ಟುಕೊಂಡ. ಶಿಸ್ತು, ಶರತ್ತು, ಪೊಗದಿ, ಕೂಟ ಎಲ್ಲವನ್ನೂ ಒಂದು ಗಂಟೆ ಹೇಳಿದೆ. ತಾಳ್ಮೆಯಿಂದ ಕೇಳಿ, ಚಪ್ಪಲಿ ಮೆಟ್ಟಿಕೊಳ್ಳುತ್ತ, “ಹಾಗಾದರೆ ಆವತ್ತು ಪರೀಕ್ಷೆಯಲ್ಲಿ ಏನು ಬರೆಯಬೇಕಿತ್ತು ಸಾರ್?” ಎಂದ.

“ಎರಡನ್ನೂ ಬರೆಯಬೇಕಿತ್ತಪ್ಪಾ. ಆದರೆ ಆಗ ನಾನು ಅಂಕ ಕೊಡುತ್ತಿದ್ದದ್ದು ಒಂದಕ್ಕೇ” ಎಂದೆ.